ಅರವತ್ತನಾಲ್ಕು ಅಕ್ಷರಗಳ ಸಾಕ್ಷಿ

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಅಭ್ಯಾಸದ ಹಾಳೆಗಳನ್ನು ಸಿದ್ಧಪಡಿಸುವ ಹೊಣೆ ಕಳೆದ ವರ್ಷ ನನ್ನ ಪಾಲಿಗೆ ಬಂದಿತ್ತು. ಹಾಳೆಗಳನ್ನು ಕಳುಹಿಸಿದ ಮರುದಿನವೇ ದೂರುಗಳು ಬರತೊಡಗಿದವು. ಕೆಲವರ ಮನೆಯ ಗಣಕಗಳಲ್ಲಿ 'ಸ್ತ್ರೀ', 'ರಾಷ್ಟ್ರ' ಮುಂತಾದ ಪದಗಳ ಒತ್ತಕ್ಷರಗಳು ಚದುರಿಹೋಗಿ, ಯಾವುದನ್ನು ತಿದ್ದಬೇಕೆಂಬುದೇ ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಒಂದು ಮುಕ್ತ ಕನ್ನಡ ಫಾಂಟನ್ನು ಆರಿಸಿಕೊಂಡು, ಎಳೆಯರ ಕಣ್ಣಿಗೆ ಸ್ಪಷ್ಟವಾಗುವಂತೆ ಅದರ ಒಂದೆರಡು ಒತ್ತುಗಳನ್ನು ತುಸು ದಪ್ಪಗೊಳಿಸಿ, ಸಿದ್ಧವಾದ ಕಡತವನ್ನು ಎಲ್ಲ ಪೋಷಕರಿಗೂ ಕಳುಹಿಸಿದೆ.

ಒಬ್ಬ ತಾಯಿ ಕೇಳಿದರು: "ಸರ್, ತಪ್ಪು ತಿಳಿಯಬೇಡಿ. ಆಫೀಸಿನ ಕೆಲಸವನ್ನೂ ಇದೇ ಲ್ಯಾಪ್‌ಟಾಪಿನಲ್ಲಿ ಮಾಡುತ್ತೇನೆ. ಈ ಕಡತದೊಳಗೆ ಬೇರೇನೂ ಸೇರಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಮೂಲಸಂಕೇತ ಎಲ್ಲರಿಗೂ ತೆರೆದೇ ಇದೆಯಲ್ಲ" ಎಂದೆ. ಹೇಳಿದ ಮೇಲೆ ಅದು ಉತ್ತರವೇ ಅಲ್ಲವೆಂದು ಹೊಳೆಯಿತು. ಸಾರಿನ ಪುಡಿಯ ಅಳತೆ ಬರೆದ ಚೀಟಿಯನ್ನು ತೋರಿಸಿದ ಮಾತ್ರಕ್ಕೆ, ಡಬ್ಬಿಯಲ್ಲಿರುವ ಪುಡಿ ಅದೇ ಚೀಟಿಯಂತೆ ಕುಟ್ಟಿದ್ದೆಂದು ಹೇಗೆ ನಂಬುವುದು?

ಇದು ಅತಿ ಅನುಮಾನದ ಮಾತಲ್ಲ. ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ 'ಎಕ್ಸ್ ಝಡ್' ಎಂಬ ತಂತ್ರಾಂಶದಲ್ಲಿ ಹಿಂಬಾಗಿಲೊಂದು ಸೇರಿಕೊಂಡಿರುವುದು 2024ರ ಮಾರ್ಚಿಯಲ್ಲಿ ಬಯಲಾಯಿತು. ಅದಕ್ಕೆ ಚಾಲನೆ ಕೊಡುವ ಸಾಲುಗಳು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು. ಎಲ್ಲರ ಕಣ್ಣೆದುರಿನ ಮೂಲಸಂಕೇತದ ಭಂಡಾರದಲ್ಲಿ ಇರಲಿಲ್ಲ. ದೂರದ ಗಣಕಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ಬೆನ್ನುಹತ್ತಿದ್ದರಿಂದ ಅದು ಸಿಕ್ಕಿಬಿದ್ದಿತು.

ಒಂದೇ ಮೂಲದಿಂದ ಯಾರು, ಎಲ್ಲಿ, ಎಂದು ಕಟ್ಟಿದರೂ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದ ಕಡತ ಹುಟ್ಟುವಂತಾದರೆ ಇಂಥ ಅನುಮಾನವನ್ನು ಪರೀಕ್ಷಿಸಬಹುದು. ಡೆಬಿಯನ್ ಬಳಗದ ಸ್ವಯಂಸೇವಕರು 2013ರಿಂದ ಇದಕ್ಕಾಗಿ ಸಾವಿರಾರು ಪ್ಯಾಕೇಜುಗಳನ್ನು ತಿದ್ದುತ್ತ ಬಂದಿದ್ದಾರೆ. ನಮ್ಮ ಗುಬ್ಬಿ, ನವಿಲು ಫಾಂಟುಗಳೂ ಆ ಬಳಗದ ಉಗ್ರಾಣದಲ್ಲಿವೆ.

ನನ್ನ ಫಾಂಟನ್ನು ಹತ್ತು ನಿಮಿಷದ ಅಂತರದಲ್ಲಿ ಎರಡು ಬಾರಿ ಕಟ್ಟಿ ನೋಡಿದೆ. ಕಡತದಿಂದ ಲೆಕ್ಕಹಾಕಿ ತೆಗೆಯುವ ಅರವತ್ತನಾಲ್ಕು ಅಕ್ಷರಗಳ ಹ್ಯಾಶ್, ಅಂದರೆ ಅದರ ಬೆರಳಚ್ಚು, ಎರಡು ಸಲವೂ ಬೇರೆಯಾಗಿತ್ತು! ಒಂದು ಸಂಜೆಯೆಲ್ಲ ಹುಡುಕಿದ ಮೇಲೆ ಕಾರಣ ತಿಳಿಯಿತು. ಪ್ರತಿಯೊಂದು ಟ್ರೂಟೈಪ್ ಫಾಂಟಿನ ಒಳಗೂ ಅದು ಹುಟ್ಟಿದ ಗಳಿಗೆ, ತಿದ್ದುಪಡಿಯಾದ ಗಳಿಗೆ ಎರಡನ್ನೂ 1904ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಜಾತಕದಂತೆ ಬರೆದಿಡುತ್ತಾರೆ. ಕಟ್ಟಿದ ಹೊತ್ತು ಬೇರೆ, ಆದ್ದರಿಂದ ಜಾತಕವೂ ಬೇರೆ. ಇದಕ್ಕೆ 'ಸೋರ್ಸ್ ಡೇಟ್ ಎಪೊಕ್' ಎಂಬ ಒಪ್ಪಿತ ಪರಿಹಾರವಿದೆ: ಗಡಿಯಾರವನ್ನು ನೋಡದೆ, ಮೂಲವನ್ನು ಕಡೆಯದಾಗಿ ತಿದ್ದಿದ ದಿನಾಂಕವನ್ನೇ ಬರೆಯುವಂತೆ ಸಾಧನಕ್ಕೆ ತಿಳಿಸುವುದು. ಹಾಗೆ ಮಾಡಿದ ಮೇಲೆ ನನ್ನ ಮನೆಯಲ್ಲಿ ಎರಡೂ ಕಡತಗಳು ಒಂದೇ ಆದವು.

ಆ ತಾಯಿಯ ಹದಿನೈದು ವರ್ಷದ ಮಗಳು ತಾನೂ ಕಟ್ಟಿ ನೋಡುತ್ತೇನೆಂದಳು. ಹೊಂದಲಿಲ್ಲ. ನನಗೆ ನಿಜಕ್ಕೂ ಮುಖಭಂಗವಾಯಿತು. ಅವಳ ಗಣಕದಲ್ಲಿ ಫಾಂಟ್ ಕಟ್ಟುವ ಸಾಧನದ ಆವೃತ್ತಿಯೇ ಬೇರೆಯಿತ್ತು.

ಮದ್ದು ಮಾತ್ರ ಊರಲ್ಲೇ ಇತ್ತು. ನಾನು ನಿತ್ಯ ಸೈಕಲ್ಲಿನಲ್ಲಿ ಹಾದುಹೋಗುವ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಏಲ್ಕೊ ಡೋಲ್ಸ್ಟ್ರಾ 2006ರಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ವಿಷಯವೇ 'ನಿಕ್ಸ್'. ಒಂದು ತಂತ್ರಾಂಶವನ್ನು ಕಟ್ಟಲು ಬೇಕಾದ ಪ್ರತಿಯೊಂದು ಸಾಧನವನ್ನೂ, ಅದರ ಖಚಿತ ಆವೃತ್ತಿಯೊಡನೆ, ಅದು ನಿರ್ದಿಷ್ಟಗೊಳಿಸುತ್ತದೆ; ಆ ವಿವರಗಳಿಂದ ಲೆಕ್ಕಹಾಕಿದ ಹೆಸರಿನಲ್ಲೇ ಒಂದೊಂದನ್ನೂ ಪ್ರತ್ಯೇಕವಾಗಿಡುತ್ತದೆ. ನಿಕ್ಸ್ ಒಂದೇ ಸಾಲದು, ದಿನಾಂಕದ ತಿದ್ದುಪಡಿಯೂ ಬೇಕೇ ಬೇಕು. ಅಷ್ಟಾದರೂ, ಮೂಲವೇ ಕೆಟ್ಟಿದ್ದರೆ ಹ್ಯಾಶ್ ಅದನ್ನು ಹೇಳುವುದಿಲ್ಲ. ಕಡತ ಆ ಮೂಲದಿಂದಲೇ ಬಂದದ್ದೆಂದಷ್ಟೇ ಹೇಳುತ್ತದೆ. ಅವರು ಕೇಳಿದ ಪ್ರಶ್ನೆಯ ಅರ್ಧಕ್ಕೆ ಅದು ಉತ್ತರ. ಉಳಿದರ್ಧಕ್ಕೆ, ನಾನು ತಿದ್ದಿದ ಒತ್ತುಗಳನ್ನು ಹುಡುಗಿಯೊಡನೆ ಕುಳಿತು ಒಂದೊಂದಾಗಿ ತೋರಿಸಿದೆ.

ಮುಂದಿನ ಶನಿವಾರ ರಾತ್ರಿ ಅವಳಿಂದ ವಾಟ್ಸಾಪ್‌ನಲ್ಲಿ ಅರವತ್ತನಾಲ್ಕು ಅಕ್ಷರಗಳು ಬಂದವು. ಕಣ್ಣಿನಿಂದಲೇ ಒಂದೊಂದನ್ನೂ ಹೋಲಿಸಿದೆ. ಯಂತ್ರಕ್ಕೆ ಬಿಡಲು ಮನಸ್ಸಾಗಲಿಲ್ಲ. ಎಲ್ಲವೂ ಸರಿಯಿದ್ದವು. ಅದರ ಹಿಂದೆಯೇ ತಾಯಿಯ ಸಂದೇಶ: "ಹಾಕಿಕೊಂಡೆವು ಸರ್. ಆದರೆ 'ಷ್ಟ್ರ'ದ ಕೊನೆಯ ಒತ್ತು ಇನ್ನೂ ಸಣ್ಣದಾಯಿತಂತೆ. ತಾನೇ ತಿದ್ದಿ ಕಳುಹಿಸುತ್ತಾಳಂತೆ."