ಒಂದೇ ಚಿತ್ರದ ದುರ್ಗಾ

1952ರ ಅಕ್ಟೋಬರ್ 27. ಬಂಗಾಳದ ಒಂದು ಬಯಲು. ಆಳೆತ್ತರ ಬೆಳೆದ ಕಾಶದ ಬಿಳಿ ಹೂಗಳು ಗಾಳಿಗೆ ತೊನೆಯುತ್ತಿವೆ. ಪುಟ್ಟ ಹುಡುಗನೊಬ್ಬ ಅಕ್ಕನನ್ನು ಹುಡುಕುತ್ತಾ ಅವುಗಳ ನಡುವೆ ನಡೆದುಬರಬೇಕು. ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರಾಗಿದ್ದ ಸತ್ಯಜಿತ್ ರಾಯ್ ತಮ್ಮ ಮೊದಲ ಚಿತ್ರ 'ಪಥೇರ್ ಪಾಂಚಾಲಿ'ಯ ಚಿತ್ರೀಕರಣ ಆರಂಭಿಸಿದ್ದು ಹೀಗೆ.

ತಮ್ಮ ಅಪುವಾಗಿ ಬಂದ ಸುಬೀರ್ ಬ್ಯಾನರ್ಜಿಗೆ ನಟನೆ ಎಂದರೇನೆಂದೇ ಗೊತ್ತಿರಲಿಲ್ಲ. ನಡೆ ಎಂದರೆ ಮರದ ಗೊಂಬೆಯಂತೆ ನಡೆಯುತ್ತಿದ್ದ. ಕೊನೆಗೆ ರಾಯ್ ಹೂಗಳ ಮರೆಯಲ್ಲಿ ಸಹಾಯಕರನ್ನು ಅಡಗಿಸಿ, ಒಬ್ಬೊಬ್ಬರಾಗಿ ಅವನನ್ನು ಕೂಗುವಂತೆ ಹೇಳಿದರು. ದಾರಿಯಲ್ಲಿ ಕಡ್ಡಿಗಳನ್ನಿಟ್ಟರು. ಹುಡುಗ ಅತ್ತ ನೋಡಿದ, ಇತ್ತ ನೋಡಿದ, ಕಡ್ಡಿ ದಾಟಿ ನಡೆದ. ನಟನೆ ತಾನಾಗಿಯೇ ಬಂತು!

ಅಕ್ಕ ದುರ್ಗೆಯ ಪಾತ್ರದ ಉಮಾ ದಾಸ್‌ಗುಪ್ತಾ ಹಾಗಲ್ಲ. ಶಾಲೆಯ ನಾಟಕಗಳಲ್ಲಿ ಪಳಗಿದ್ದ ಹುಡುಗಿ. ಆಕೆಗೆ ಇಂತಹ ಉಪಾಯಗಳ ಅಗತ್ಯ ಬೀಳಲಿಲ್ಲ. ಮಿಠಾಯಿ ಮಾರುವವನ ಹಿಂದೆ ಮಕ್ಕಳು ಓಡುವ ದೃಶ್ಯದಲ್ಲಿ ನಾಯಿಯೂ ಹಿಂಬಾಲಿಸಬೇಕಿತ್ತು. ಅದು ಕದಲದಿದ್ದಾಗ ಉಮಾ ಬೆನ್ನ ಹಿಂದಿನ ಕೈಯಲ್ಲಿ ಸಂದೇಶ್ ಹಿಡಿದು ನಡೆದಳು. ಸಿಹಿಯ ಆಸೆಗೆ ನಾಯಿಯೂ ನಟಿಸಿತು.

ಕಷ್ಟಗಳು ಕಡಿಮೆಯಿರಲಿಲ್ಲ. ಮುಂದಿನ ವಾರ ತಂಡ ಅದೇ ಬಯಲಿಗೆ ಬಂದಾಗ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವು. ಮತ್ತೆ ಹೂ ಅರಳಲು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಕೈಯಲ್ಲಿದ್ದ ಹಣವೂ ಮುಗಿಯಿತು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ನೆರವಿಗೆ ಬಂತು. ಈ ನಡುವೆ ಅಪುವಿನ ದನಿ ಒಡೆದರೆ, ದುರ್ಗಾ ಎತ್ತರವಾಗಿಬಿಟ್ಟರೆ ಗತಿಯೇನೆಂದು ರಾಯ್ ಚಿಂತಿಸುತ್ತಿದ್ದರು. ಎರಡೂ ಆಗಲಿಲ್ಲ.

ಮಳೆಯ ದೃಶ್ಯವನ್ನು ನೋಡಿದವರು ಮರೆಯಲಾರರು. ಕೂದಲು ಬಿಚ್ಚಿ, ಮುಖವೆತ್ತಿ ದುರ್ಗಾ ಗಿರಗಿರನೆ ತಿರುಗುತ್ತಾಳೆ. ಅಲ್ಲಿ ತಾಳವಿಲ್ಲ, ಗೆಜ್ಜೆಯಿಲ್ಲ. ಆದರೂ ಅದು ನೃತ್ಯವೇ. ಆಮೇಲೆ ಮರದಡಿ ತಮ್ಮನನ್ನು ಅಪ್ಪಿಕೊಂಡು ನಡುಗುತ್ತಾಳೆ. ಆ ನಡುಕ ನಟನೆಯಲ್ಲ, ನಿಜವಾದ ಚಳಿ. ಚಿತ್ರೀಕರಣ ಮುಗಿದ ಮೇಲೆ ಮಕ್ಕಳಿಗೆ ಬ್ರಾಂದಿ ಬೆರೆಸಿದ ಬಿಸಿ ಹಾಲು ಕುಡಿಸಬೇಕಾಯಿತು. ಕಥೆಯಲ್ಲಿ ದುರ್ಗೆಯ ಪ್ರಾಣ ತೆಗೆಯುವುದೂ ಆ ಮಳೆಯ ಜ್ವರವೇ.

1955ರ ಆಗಸ್ಟ್ 26ರಂದು ಚಿತ್ರ ಕಲ್ಕತ್ತೆಯಲ್ಲಿ ಬಿಡುಗಡೆಯಾಯಿತು. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ದುರ್ಗೆಯ ಮುಖ ಜಗತ್ತಿಗೆ ಪರಿಚಯವಾಯಿತು.

ಮುಂದೆ? ಉಮಾ ಸಿನಿಮಾವನ್ನು ವೃತ್ತಿಯಾಗಿ ಹಿಡಿಯಲೇ ಇಲ್ಲ. ಓದು ಮುಂದುವರಿಸಿ ಶಾಲಾ ಶಿಕ್ಷಕಿಯಾದರು. ಸುಬೀರ್ ಕೂಡ ನಟನೆಗೆ ಮರಳಲಿಲ್ಲ. ಅವರ ಬದುಕಿನ ಎಳೆ ಹಿಡಿದೇ ಕೌಶಿಕ್ ಗಂಗೂಲಿ 2014ರಲ್ಲಿ 'ಅಪುರ್ ಪಾಂಚಾಲಿ' ಎಂಬ ಚಿತ್ರ ಮಾಡಿದರು. 2024ರ ನವೆಂಬರ್ 18ರಂದು ಉಮಾ ತೀರಿಕೊಂಡಾಗ ಜನ ನೆನೆದದ್ದು ಮಳೆಯಲ್ಲಿ ನೆನೆದ ಆ ಹುಡುಗಿಯನ್ನೇ.

ಹಾಗೆಂದು ನಟನೆಯ ಹಾದಿ ಹಿಡಿದವರು ತಪ್ಪಿದರೆಂದಲ್ಲ. ರಾಯ್ ಅವರದೇ 'ಅಪುರ್ ಸಂಸಾರ್' (1959) ಚಿತ್ರಕ್ಕೆ ಶಾಲಾ ಬಾಲಕಿಯಾಗಿದ್ದಾಗ ಬಂದ ಶರ್ಮಿಳಾ ಟಾಗೋರ್ ದೊಡ್ಡ ತಾರೆಯಾಗಿ ಬೆಳೆದರು.

ಇಂದು ಟಿ.ವಿ. ನೃತ್ಯ ಸ್ಪರ್ಧೆಗಳಿಗೆ ಮಕ್ಕಳ ಕೈಹಿಡಿದು ಸರತಿಯಲ್ಲಿ ನಿಲ್ಲುವ ತಂದೆ ತಾಯಿಗಳು ಬಹಳ. ಅವರು ತಿಳಿದಿರಬೇಕಾದ ಕಾನೂನೊಂದಿದೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯ ಕನಿಷ್ಠ 20 ಪ್ರತಿಶತವನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕ್ ಠೇವಣಿ ಇಡಬೇಕು. ಓದು ನಿಲ್ಲದಂತೆ ನೋಡಿಕೊಳ್ಳಬೇಕು.

ಆದರೆ ಚಪ್ಪಾಳೆ ನಿಂತ ಮೇಲೆ ಮಗು ಏನಾಗಬೇಕೆಂಬುದನ್ನು ಯಾವ ನಿಯಮವೂ ಹೇಳದು. ಜಗತ್ತು ಮೆಚ್ಚಿದ ಹುಡುಗಿಯೊಬ್ಬಳು ಬೆಳೆದು ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಂತಳು. ಅದನ್ನು ಸೋಲೆಂದು ಕರೆಯುವ ಮುನ್ನ, ಆಕೆಯಿಂದ ಪಾಠ ಕಲಿತ ಮಕ್ಕಳನ್ನೂ ಒಮ್ಮೆ ನೆನೆಯಬೇಕು.