ಹೊಗೆಗೆ ಬೇಲಿಯಿಲ್ಲ

ನಮ್ಮ ಬೀದಿಯಲ್ಲಿ ಕಸಕ್ಕೆ ಬೆಂಕಿ ಹಚ್ಚುವುದನ್ನು ಇಂದಿಗೂ ಶುಚಿತ್ವವೆಂದೇ ಭಾವಿಸಲಾಗುತ್ತದೆ. ಗುಡಿಸಿ, ರಾಶಿ ಹಾಕಿ, ಕಡ್ಡಿ ಗೀರಿದರೆ ಅಂಗಳ ಹಸನಾಯಿತು. ಆದರೆ ಕಣ್ಣಿಗೆ ಮರೆಯಾದ ಕಸವು ರೂಪ ಬದಲಿಸಿ ನೆರೆಯವರ ಶ್ವಾಸಕೋಶವನ್ನು ಸೇರುತ್ತದೆ. ನಮ್ಮ ಮನೆಯಲ್ಲಿ ಉಬ್ಬಸದಿಂದ ಬಳಲುವ ಹಿರಿಯರೊಬ್ಬರಿದ್ದಾರೆ. ಹೊಗೆ ಎದ್ದ ದಿನ ಕಿಟಕಿಗಳನ್ನೆಲ್ಲ ಮುಚ್ಚಿ, ಅವರ ಬೆನ್ನು ನೀವುತ್ತಾ ಕುಳಿತಿರುತ್ತೇವೆ.

ಹಿಂದಿನವರು ಸುಡುತ್ತಿದ್ದುದು ತರಗೆಲೆ, ಸೋಗೆ. ಇಂದಿನ ರಾಶಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ವೈರುಗಳೂ ಇರುತ್ತವೆ. ಪಿವಿಸಿಯಂತಹ ಕ್ಲೋರಿನ್‌ಯುಕ್ತ ವಸ್ತುಗಳು ಮಂದ ಬೆಂಕಿಯಲ್ಲಿ ಉರಿದಾಗ ಡಯಾಕ್ಸಿನ್, ಫ್ಯೂರಾನ್‌ಗಳೆಂಬ ವಿಷಗಳು ಹುಟ್ಟುತ್ತವೆ. ಇವು ಪ್ರಾಣಿಗಳ ಕೊಬ್ಬಿನಲ್ಲಿ ಶೇಖರಗೊಂಡು, ಹಾಲು, ಮೀನು, ಮಾಂಸಗಳ ಮೂಲಕ ನಮ್ಮ ತಟ್ಟೆಗೇ ಮರಳುತ್ತವೆ.

ಹಾಗಾದರೆ ದೊಡ್ಡ ಸ್ಥಾವರಗಳಲ್ಲಿ ಕಸ ಸುಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿ ಅನಿಲವನ್ನು 850 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ತಾಪದಲ್ಲಿ ಕನಿಷ್ಠ 2 ಸೆಕೆಂಡು ಉರಿಸಬೇಕು. ತಣಿಯುವಾಗ ಡಯಾಕ್ಸಿನ್ ಮರಳಿ ರೂಪುಗೊಳ್ಳದಂತೆ ಬೇಗನೆ ತಂಪುಗೊಳಿಸಬೇಕು. ಸುಣ್ಣವು ಆಮ್ಲಾನಿಲಗಳನ್ನೂ, ಸಕ್ರಿಯ ಇಂಗಾಲವು ಪಾದರಸ ಮತ್ತು ಡಯಾಕ್ಸಿನ್‌ಗಳನ್ನೂ, ಬಟ್ಟೆಯ ಶೋಧಕಗಳು ಧೂಳನ್ನೂ ಹಿಡಿಯಬೇಕು. ಇಷ್ಟಾದ ಮೇಲೂ ಉಳಿಯುವ ಬೂದಿಯನ್ನು ಜೋಪಾನವಾಗಿ ವಿಲೇವಾರಿ ಮಾಡಬೇಕು. ಹಸಿ ಕಸ ಬೆರೆತರೆ ಕುಲುಮೆಯ ತಾಪವೇ ಕುಸಿಯುತ್ತದೆ. ಆದ್ದರಿಂದ ಹೊಗೆಯ ನಿಯಂತ್ರಣವು ಚಿಮಣಿಯ ತುದಿಗಿಂತ ಮೊದಲು ನಮ್ಮ ಅಡುಗೆಮನೆಯ ಬುಟ್ಟಿಯಲ್ಲಿ ಆರಂಭವಾಗಬೇಕು.

ಕಾನೂನಿಗೇನೂ ಕೊರತೆಯಿಲ್ಲ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲೇ ನಿಷೇಧಿಸಿ, 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ವಿಧಿಸುವಂತೆ ಹೇಳಿದೆ. ಆದರೂ ದೂರು ಕೊಡುವ ಮುನ್ನ ನೆರೆಯವರೊಡನೆ ಮಾತನಾಡುವುದೇ ಲೇಸೆಂದು ನಮಗೆ ತೋರಿತು. "ಗಾಡಿ ಬಾರದಿದ್ದರೆ ಇದನ್ನು ಎಲ್ಲಿಡಲಿ, ನೀವೇ ಹೇಳಿ" ಎಂದರು ಅವರು. ಆ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಈಗ ಎರಡೂ ಮನೆಗಳ ಹಸಿ ಕಸ ಒಂದೇ ಗೊಬ್ಬರಗುಂಡಿಗೆ ಬೀಳುತ್ತಿದೆ; ತೊಳೆದೊಣಗಿಸಿದ ಪ್ಲಾಸ್ಟಿಕ್ ಚೀಲದಲ್ಲಿದ್ದು ಗಾಡಿಗಾಗಿ ಕಾಯುತ್ತದೆ. ಬೀದಿಯ ಉಳಿದ ಮನೆಗಳಲ್ಲಿ ಬೆಂಕಿ ಇನ್ನೂ ಆರಿಲ್ಲ.

ನೆರೆಯವನ ಹಸಿವನ್ನು ವಿಚಾರಿಸುವುದು ನಮ್ಮ ಹೊಣೆಯೆಂದು ನಾವೆಲ್ಲರೂ ಒಪ್ಪುತ್ತೇವೆ. ಅವನ ಉಸಿರನ್ನು ಕಾಯುವುದೂ ಅದೇ ಹೊಣೆಯ ಭಾಗವಲ್ಲವೇ? ಕಡ್ಡಿ ಗೀರುವ ಮುನ್ನ ಗಾಳಿ ಯಾರ ಮನೆಯತ್ತ ಬೀಸುತ್ತಿದೆಯೆಂದು ಒಮ್ಮೆ ಯೋಚಿಸೋಣ.