ಬಾತಿ ಹತ್ತಿರ ನಿಂತ ಗಾಡಿ

ದಾವಣಗೆರೆ ಬಿಟ್ಟು ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರಕ್ಕೆ ಹೊರಟವರ ಗಾಡಿ ಕೈಕೊಡುವುದಿದ್ದರೆ ಬಾತಿ ಹತ್ತಿರವೇ ಕೈಕೊಡಬೇಕು. ಶಾಸ್ತ್ರಾಧಾರ ಏನೂ ಇಲ್ಲ. ಎರಡೂ ಊರಿಗೆ ಹೆಚ್ಚುಕಡಿಮೆ ನಡುಮಧ್ಯದ ಜಾಗ; ಹಿಂದಕ್ಕೆ ತಳ್ಳಿದರೂ ಅಷ್ಟೇ, ಮುಂದಕ್ಕೆ ತಳ್ಳಿದರೂ ಅಷ್ಟೇ. ಕೆರೆ ಕಡೆಯಿಂದ ಗಾಳಿ ಬರುತ್ತದೆ, ಚಾ ಸಿಗುತ್ತದೆ, ನೋಡುವವರೂ ಸಿಗುತ್ತಾರೆ. ಗಾಡಿಗೆ ಇನ್ನೇನು ಬೇಕು?

ಗಾಡಿ ನಮ್ಮ ಭಾವನದು, ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳು ತಯಾರಾಗುತ್ತಿದ್ದವು. 1973ರಲ್ಲಿ ಅವಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗಾಡಿಗಳಿಗೆ ಮಾತ್ರ ಆ ಸುದ್ದಿ ಮುಟ್ಟಿದಂತಿಲ್ಲ. ಗೇರ್ ಹಾಕುವ ಕಡ್ಡಿಯನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಇದು ಗೊತ್ತಿಲ್ಲದವನು ಈ ಗಾಡಿ ಕದ್ದೊಯ್ಯಲಾರ ಎಂಬುದು ಭಾವನ ಧೈರ್ಯ. ಗೊತ್ತಿದ್ದವನೂ ಅವತ್ತು ಒಯ್ಯುವ ಹಾಗಿರಲಿಲ್ಲ.

ಚಾ ಕುಡಿದು ಬಂದು ಭಾವ ಕಿಕ್ಕರ್ ಹೊಡೆದ. ಚೋಕ್ ಹಾಕಿ ಹೊಡೆದ, ತೆಗೆದು ಹೊಡೆದ. ಅಂಗಿ ಬೆನ್ನಿಗೆ ಅಂಟುವ ಹೊತ್ತಿಗೆ ಜನ ಸೇರಿದರು. ಗಾಡಿ ಹತ್ತದಿದ್ದರೆ ನೋಡಬೇಕಾದ್ದು ಮೂರೇ: ಪೆಟ್ರೋಲ್ ಬರಬೇಕು, ಕರೆಂಟ್ ಬರಬೇಕು, ಕಂಪ್ರೆಶನ್ ಇರಬೇಕು. ಆದರೆ ರಸ್ತೆಬದಿಯ ವೈದ್ಯರು ಈ ಕ್ರಮ ಹಿಡಿಯುವುದಿಲ್ಲ. ತಮ್ಮ ಗಾಡಿಗೆ ಹಿಂದೊಮ್ಮೆ ಏನಾಗಿತ್ತೋ ಅದೇ ನಿಮ್ಮ ಗಾಡಿಗೂ ಆಗಿದೆ ಎಂದು ಬಲವಾಗಿ ನಂಬಿರುತ್ತಾರೆ.

ಕಾಲೇಜು ಹುಡುಗನೊಬ್ಬ, “ಅಂಕಲ್, ಕಿಲ್ ಸ್ವಿಚ್ ನೋಡ್ರಿ. ಸೈಡ್ ಸ್ಟ್ಯಾಂಡ್ ತೆಗ್ದೀರಾ?” ಅಂದ. ಭಾವ ಮಾತಾಡದೆ ಹ್ಯಾಂಡಲ್ ತೋರಿಸಿದ. ಅಂಥ ಸ್ವಿಚ್ಚೇ ಅಲ್ಲಿರಲಿಲ್ಲ. ಹುಡುಗನದೂ ತಪ್ಪಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರೇ ಮಾಯವಾಗುತ್ತ ಬಂತು. ಕೀ ತಿರುಗಿಸಿದರೆ ಟ್ಯಾಂಕಿನೊಳಗೆ ಪಂಪು ಗುಂಯ್‌ಗುಡಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿದರೂ ಹತ್ತುವುದು ಕಷ್ಟ. ಅವನ ಕಾಲದ ರೋಗಗಳು ಬೇರೆ.

ಹಾಲಿನ ಕ್ಯಾನ್ ಕಟ್ಟಿದ ಎಂ80ಯವರು “ಪ್ಲಗ್ ಬಿಚ್ರಿ” ಅಂದರು. ಬಿಚ್ಚಿದೆವು. ತುದಿ ಕಪ್ಪಗೆ, ಒದ್ದೆ. ತಂತಿ ಬ್ರಶ್ಶಿನಲ್ಲಿ ಉಜ್ಜಿ, ಗ್ಯಾಪಿಗೆ ಭಾವ ಟೂಲ್ ಡಬ್ಬಿಯಿಂದ ಹ್ಯಾಕ್‌ಸಾ ಬ್ಲೇಡಿನ ತುಂಡು ತೆಗೆದ. ಅದರ ದಪ್ಪ ಸುಮಾರು 0.6 ಮಿ.ಮೀ., ಹೆಚ್ಚುಕಡಿಮೆ ಪ್ಲಗ್ ಕೇಳುವಷ್ಟೇ. ಹಳೇ ಮೆಕ್ಯಾನಿಕ್‌ಗಳ ಅಳತೆಗೋಲು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಹೆಡ್ಡಿಗೆ ತಾಗಿಸಿ ಕಿಕ್ಕರ್ ಹೊಡೆದರೆ ಚಟ್ ಚಟ್ ಎಂದು ನೀಲಿ ಕಿಡಿ. “ಕರೆಂಟ್ ಐತಲ್ಲಪ್ಪಾ” ಎಂದು ಹಾಲಿನವರು ಬೇಜಾರಾಗಿ ಹೊರಟರು. ಚೇತಕ್ ಇಟ್ಟುಕೊಂಡಿದ್ದವರೊಬ್ಬರು ಗಾಡಿ ಒಂದು ಮಗ್ಗುಲಿಗೆ ಮಲಗಿಸಿ ಎಬ್ಬಿಸಿರಿ ಎಂದರು. ಮಲಗಿಸಿದೆವು, ಎಬ್ಬಿಸಿದೆವು. ಮತ್ಯಾರೋ ಸೆಕೆಂಡ್ ಗೇರಲ್ಲಿ ತಳ್ಳಿ ಅಂದರು. ತಳ್ಳಿದವನು ನಾನು.

ಆಗ ಸೈಕಲ್ಲಿನಿಂದ ಇಳಿದ ಯಜಮಾನರು, ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ತಯಾರಾಗುತ್ತಿದ್ದ ಕಾಲದಲ್ಲಿ ದುಡಿದವರಂತೆ, ಗಾಡಿ ಮುಟ್ಟಲೇ ಇಲ್ಲ. “ರಿಸರ್ವ್ ಯಾವಾಗ ಹಾಕಿದ್ರಿ?”

“ಇಲ್ಲೇ, ಚಾ ಅಂಗಡಿಗೆ ಸ್ವಲ್ಪ ಹಿಂದೆ,” ಅಂದ ಭಾವ.

“ಒಂದು ಗ್ಲಾಸ್ ತರ್ರಿ.”

ಚಾ ಅಂಗಡಿಯವನು ಕೊಸರಾಡುತ್ತಲೇ ಒಂದು ಗಾಜಿನ ಲೋಟ ಕೊಟ್ಟ. ಯಜಮಾನರು ಕಾರ್ಬೊರೇಟರಿನ ಪೈಪ್ ಎಳೆದು ಲೋಟಕ್ಕೆ ಹಿಡಿದು ಟ್ಯಾಪ್ ಬಿಟ್ಟರು. ಒಂದಿಷ್ಟು ಹೊತ್ತಿಗೆ ಲೋಟದೊಳಗಿದ್ದದ್ದು ಎರಡಾಯಿತು: ಮೇಲೆ ಆಯಿಲ್ ಬೆರೆತ ಪೆಟ್ರೋಲ್, ತಳದಲ್ಲಿ ಒಂದು ಬೆರಳು ಅಗಲ ಬೇರೆಯದೇ ಬಣ್ಣ. ನಡುವೆ ಗೀಟು ಎಳೆದ ಹಾಗೆ.

ಮುಂಗಾರಿನುದ್ದಕ್ಕೂ ಗಾಡಿ ಸೋರುವ ತಗಡಿನಡಿ ನಿಂತಿತ್ತು; ಟ್ಯಾಂಕ್ ಮುಚ್ಚಳದ ರಬ್ಬರ್ ಬಿರಿದಿತ್ತು. ಇದಕ್ಕೆ ಯಾವ ಕಂಪನಿಯನ್ನೂ ದೂರುವಂತಿಲ್ಲ. ನೀರು ಪೆಟ್ರೋಲಿಗಿಂತ ಭಾರ, ತಳ ಸೇರುತ್ತದೆ. ಮೇನ್‌ನಲ್ಲಿ ಟ್ಯಾಪು ಟ್ಯಾಂಕಿನ ತಳಕ್ಕಿಂತ ಸ್ವಲ್ಪ ಮೇಲಿಂದ ಎಳೆಯುತ್ತದೆ; ರಿಸರ್ವ್ ಅಂದರೆ ಬುಡದಿಂದ. ಅದಕ್ಕೇ ದಾವಣಗೆರೆಯಿಂದ ಇಲ್ಲಿತನಕ ಗಾಡಿಗೆ ಏನೂ ಆಗಿರಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಇನ್ನೊಬ್ಬ ಪಾಲುದಾರನೂ ಇದ್ದಾನೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರಲ್ಲ, ಆ ಎಥನಾಲ್. ನೀರು ಕಂಡರೆ ಅದಕ್ಕೆ ಬಲು ಪ್ರೀತಿ; ನೀರು ಮಿತಿಮೀರಿದರೆ ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆಗೇ ತಳಕ್ಕಿಳಿಯುತ್ತದೆ. ಕಬ್ಬಿನಿಂದಲೂ ಮೆಕ್ಕೆಜೋಳದಿಂದಲೂ ಎಥನಾಲ್ ಮಾಡುತ್ತಾರೆ. ಎರಡೂ ನಮ್ಮ ಜಿಲ್ಲೆಯ ಬೆಳೆಗಳೇ, ಹಾಗಾಗಿ ಬೈಯಲು ಬಾಯಿ ಬರಲಿಲ್ಲ.

ಕಾರ್ಬೊರೇಟರಿನ ಬಟ್ಟಲು ಬಿಚ್ಚಿ ಒರೆಸಿ, ಜೆಟ್ ಊದಿ, ಟ್ಯಾಪಿನಿಂದ ಬರೇ ಪೆಟ್ರೋಲ್ ಬರುವವರೆಗೆ ಹರಿಬಿಟ್ಟು ಜೋಡಿಸಿದೆವು. ಭಾವ ಹೊಡೆದ; ಎರಡೂ ಸೈಲೆನ್ಸರಿನಿಂದ ಹೊಗೆ ಉಗುಳಿ ಗಾಡಿ ಕೆಮ್ಮಿ ಹತ್ತಿತು. “ನಾ ಹೇಳ್ಲಿಲ್ಲೇನು, ಮಲಗಿಸಿ ಎಬ್ಬಿಸ್ರಿ ಅಂತ?” ಅಂದರು ಚೇತಕ್‌ನವರು. ಯಜಮಾನರು ಆಗಲೇ ಸೈಕಲ್ ಹತ್ತಿದ್ದರು. ಚಾ ಅಂಗಡಿಯವನು ಲೋಟದ ದುಡ್ಡು ಹಿಡಿದುಕೊಂಡ.

ಹರಿಬಿಟ್ಟಿದ್ದು ರಿಸರ್ವಿನ ಪೆಟ್ರೋಲೇ ಆದ್ದರಿಂದ ದಾರಿಯಲ್ಲಿ ಬಂಕಿಗೆ ಹೋಗಲೇಬೇಕಾಯಿತು. ಭಾವ ಆಕ್ಸಿಲರೇಟರ್ ಬಿಡದೆ, “ಹಂಗೇ ಹಾಕಪ್ಪಾ, ಆಫ್ ಮಾಡಂಗಿಲ್ಲ” ಎಂದು ಕೂಗಿದ. ಬಂಕಿನ ಹುಡುಗ ಪೈಪನ್ನು ವಾಪಸ್ ಮಷೀನಿಗೆ ಸಿಕ್ಕಿಸಿ, “ಇಂಜಿನ್ ಆಫ್ ಮಾಡ್ರಿ ಅಣ್ಣಾ,” ಅಂದ.